ನಾಲ್ಕು ಗಂಟೆಯವರೆಗೆ ಮಿಸ್

ಬೆಳಗ್ಗೆ ಎಂಟು ಗಂಟೆಯ ನಂತರ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಮಕ್ಕಳು ಕೆಮ್ಮುತ್ತಾರೆ ಎಂದು ಅಮ್ಮ ಮಾಡಿದ ಕಾನೂನು ಅದು. ಮಕ್ಕಳು ಎಂದರೆ ನಾನಲ್ಲ. ಒಂಬತ್ತು ಗಂಟೆಗೆ ಸರಿಯಾಗಿ ಸ್ಕೂಟರ್‌ಗಳ ಮುಂದೆ ನಿಂತು, ಅಜ್ಜಂದಿರ ಕೈ ಹಿಡಿದು, ಆಟೋದಲ್ಲಿ ಅಳುತ್ತಾ ಬರುತ್ತಿದ್ದ ಇಪ್ಪತ್ತೆರಡು ಮಂದಿ. ಚಂದ್ರಾ ಲೇಔಟಿನ ನಮ್ಮ ಮನೆಯ ಕೆಳಗಿನ ಅಂತಸ್ತು ಪೂರ್ತಿ ಅಮ್ಮನ ನರ್ಸರಿ. ನನಗೆ ನೆನಪು ಹತ್ತುವ ಹೊತ್ತಿಗೆ ಸೋಫಾ, ಟೀವಿ, ದೇವರ ಮಂಟಪ ಎಲ್ಲವೂ ಮಹಡಿಯ ಒಂದು ಕೋಣೆಗೆ ಹೋಗಿ ತುಂಬಿಕೊಂಡಿದ್ದವು. ಕೆಳಗಿನ ಮನೆಯನ್ನು ಮೂರು ವರ್ಷದವರ ಅಳತೆಗೆ ಇಳಿಸಲಾಗಿತ್ತು. ಬಚ್ಚಲಿನ ಕನ್ನಡಿ ನನ್ನ ಸೊಂಟದ ಎತ್ತರದಲ್ಲಿತ್ತು. ಸ್ವಿಚ್ಚುಗಳು ಮಾತ್ರ ಮಕ್ಕಳ ಕೈಗೆ ಸಿಗಬಾರದೆಂದು ಮೇಲಕ್ಕೆ ಹೋಗಿದ್ದವು. ವಿಜಯನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಅಪ್ಪ ತಾನೇ ನಿಂತು ಅವನ್ನು ಎತ್ತರಿಸಿದ್ದ. ಮುಖ ನೋಡಿಕೊಳ್ಳಲು ಬಗ್ಗಬೇಕು, ದೀಪ ಹಾಕಲು ಸ್ಟೂಲ್ ಹತ್ತಬೇಕು. ನನ್ನ ಅಳತೆಯ ವಸ್ತು ಆ ಮನೆಯಲ್ಲಿ ಒಂದೂ ಇರಲಿಲ್ಲ ಎಂದರೆ ಇಂದಿಗೂ ಅಮ್ಮ ಒಪ್ಪುವುದಿಲ್ಲ.

ಇನ್ನೊಂದು ಕಾನೂನು ನನಗಾಗಿಯೇ ಮಾಡಿದ್ದು. ಬೆಳಗ್ಗೆ ಗೇಟು ತೆರೆದಾಗಿನಿಂದ ಮಧ್ಯಾಹ್ನ ನಾಲ್ಕಕ್ಕೆ ಕೊನೆಯ ಮಗು ಹೋಗುವವರೆಗೆ ನಾನು ಅಮ್ಮನನ್ನು ಅಮ್ಮ ಎನ್ನುವ ಹಾಗಿಲ್ಲ. ಮಿಸ್ ಎನ್ನಬೇಕು. ಬಿಟ್ಟುಹೋದ ಅಮ್ಮನನ್ನು ಆಗಷ್ಟೇ ಮರೆತು ಮಣ್ಣಿನ ಉಂಡೆ ಕಟ್ಟುತ್ತಿರುವ ಮಕ್ಕಳ ನಡುವೆ ಒಬ್ಬಳು ‘ಅಮ್ಮಾ’ ಎಂದು ಕೂಗಿದರೆ ಇಪ್ಪತ್ತೆರಡೂ ಒಟ್ಟಿಗೆ ಅಳಲು ಶುರು ಮಾಡುತ್ತವೆ ಎಂಬುದು ಅವಳು ಕೊಡುತ್ತಿದ್ದ ಕಾರಣ. ಕಾರಣದಲ್ಲಿ ತಪ್ಪಿರಲಿಲ್ಲ. ಅಮ್ಮನ ಯಾವ ಕಾನೂನೂ ಕಾರಣವಿಲ್ಲದೆ ಇರುತ್ತಿರಲಿಲ್ಲ, ಅದೇ ಕಷ್ಟ. ಮೊದಮೊದಲು ನಾನು ಅದನ್ನು ಆಟವೆಂದುಕೊಂಡಿದ್ದೆ. ಒಮ್ಮೆ ಮೆಟ್ಟಿಲಲ್ಲಿ ಬಿದ್ದು ಗಲ್ಲ ಒಡೆದುಕೊಂಡಾಗ ಬಾಯಿಗೆ ಬಂದದ್ದು ‘ಅಮ್ಮಾ’. ಅವಳು ಓಡಿ ಬಂದು ಅರಿಸಿನ ಒತ್ತಿದಳು, ನಿಜ. ಒತ್ತುತ್ತಲೇ ಮೆಲ್ಲಗೆ, ಮಿಸ್ ಅನ್ನು ಅಂದಳು.

ಅವಳು ಒಳ್ಳೆಯ ಟೀಚರ್ ಆಗಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಸುಜಾತಾ ಮಿಸ್ ಹತ್ತಿರ ಬಿಟ್ಟರೆ ಮಗು ಮೂರೇ ದಿನಕ್ಕೆ ಅಳು ನಿಲ್ಲಿಸುತ್ತದೆ ಎಂಬ ಮಾತು ಅತ್ತಿಗುಪ್ಪೆಯವರೆಗೂ ಹಬ್ಬಿತ್ತು. ಯಾವ ಮಗುವಿನ ಜೊತೆ ಮಾತಾಡುವಾಗಲೂ ಅವಳು ನಿಂತು ಮಾತಾಡುತ್ತಿರಲಿಲ್ಲ. ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಕುಕ್ಕರಗಾಲಲ್ಲಿ ಕುಳಿತು, ಮಗುವಿನ ಕಣ್ಣಿಗೆ ತನ್ನ ಕಣ್ಣನ್ನು ಸಮನಾಗಿ ತಂದು, ಅದು ಹೇಳಿ ಮುಗಿಸುವವರೆಗೆ ಕಾಯುತ್ತಿದ್ದಳು. ಯಾರು ಇವತ್ತು ಗೋಧಿ ಉಪ್ಪಿಟ್ಟು ಬಿಟ್ಟರು, ಯಾರು ಎಡಗೈಯಲ್ಲಿ ಬಳಪ ಹಿಡಿದರು, ಯಾರ ಮನೆಯಲ್ಲಿ ತಮ್ಮ ಹುಟ್ಟಿದ್ದಾನೆ, ಎಲ್ಲವೂ ಅವಳಿಗೆ ಬಾಯಿಪಾಠ. ನನ್ನ ಜೊತೆ ಅವಳು ಯಾವಾಗಲೂ ನಿಂತೇ ಮಾತಾಡುತ್ತಿದ್ದಳು, ಅದೂ ಬೇರೆಲ್ಲಿಗೋ ಹೊರಟವಳ ಹಾಗೆ. ಅಡ್ಮಿಶನ್ ಕೇಳಲು ಬಂದವರ ಮುಂದೆ ಮಾತ್ರ ನನ್ನ ಭುಜದ ಮೇಲೆ ಕೈ ಇಟ್ಟು, ಇವಳು ನನ್ನ ಮಗಳು, ಇಲ್ಲೇ ಕಲಿತದ್ದು ಎನ್ನುತ್ತಿದ್ದಳು. ಆಗ ನಾನು ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪದ್ಯ ಹೇಳಬೇಕು. ಸೀರೆ ಅಂಗಡಿಯವನು ಒಂದು ಸೀರೆ ಬಿಡಿಸಿ ತೋರಿಸುತ್ತಾನಲ್ಲ, ಅಷ್ಟೇ. ಗಿರಾಕಿ ಹೋದ ಮೇಲೆ ಮಡಚಿ ಇಡುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಪ್ಪ ಅನ್ನುತ್ತಿದ್ದದ್ದು ತಣ್ಣಗಾದ ಚಿತ್ರಾನ್ನದ ಸಿಟ್ಟಿಗೆ. ನನಗೆ ಆ ಗಾದೆ ಬೇರೆ ಕಾರಣಕ್ಕೆ ಹಿಡಿಸಿತ್ತು.

ಅವರಿಬ್ಬರ ಜಗಳಗಳೆಲ್ಲ ಭಾನುವಾರವೇ ಆಗುತ್ತಿದ್ದವು. ಉಳಿದ ದಿನ ಜೋರಾಗಿ ಮಾತಾಡಲು ಕೆಳಗೆ ಜಾಗವಿರಲಿಲ್ಲ. ಅಪ್ಪನ ಕಡೆಯವರು ಅಲ್ಲಿಯೇ ರಾಗಿ ಬೆಳೆಯುತ್ತಿದ್ದವರು. ಹೊಲವೆಲ್ಲ ಬಡಾವಣೆಯಾಗಿ ಕೈಯಲ್ಲಿ ಉಳಿದದ್ದು ಈ ಒಂದು ಸೈಟು. ಅದರಲ್ಲಿ ಕಟ್ಟಿಸಿದ ಮನೆಯ ಜಗಲಿಯಲ್ಲಿ ಚಪ್ಪಲಿ ಸ್ಟ್ಯಾಂಡ್, ಹಾಲಿನಲ್ಲಿ ಪುಟ್ಟ ಪುಟ್ಟ ಕೆಂಪು ಕುರ್ಚಿ. ನಾನು ಎಲ್ಲಿ ಕೂರಲಿ ಹೇಳು ಎಂದು ಅವನು ಕೇಳುತ್ತಿದ್ದ. ಅಮ್ಮ ಮುಂದಿನ ವಾರದ ಚಾರ್ಟ್ ಬರೆಯುತ್ತಾ ಕೂರುತ್ತಿದ್ದಳು. ಆ ಚಾರ್ಟ್ ಅವಳ ಹೆಮ್ಮೆ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ, ಒಂದೊಂದು ಕೆಲಸಕ್ಕೂ ಒಬ್ಬರ ಹೆಸರಿರಬೇಕು ಎಂದು ಯಾವುದೋ ತರಬೇತಿಯಲ್ಲಿ ಕೇಳಿ ಬಂದಿದ್ದಳು. ದೊಡ್ಡ ಹಳದಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ, ಮುದ್ದಾದ ಇಂಗ್ಲಿಷ್ ಅಕ್ಷರದಲ್ಲಿ, ಎಡಗಡೆ ಕೆಲಸ, ಬಲಗಡೆ ಹೆಸರು. ಅಡುಗೆಮನೆಗೆ ಹೋಗುವ ಓಣಿಯ ಗೋಡೆಯಲ್ಲಿ ಅದು ತೂಗುತ್ತಿತ್ತು. ಮೂರನೇ ಕ್ಲಾಸಿನಿಂದ ಅದರಲ್ಲಿ ನನ್ನ ಹೆಸರೂ ಸೇರಿತು. ನಮ್ಮದು ಬೆಳಗಿನ ಪಾಳಿಯ ಸ್ಕೂಲು, ಒಂದು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದೆ. ಅಷ್ಟರಲ್ಲಿ ಬಹಳ ಮಕ್ಕಳು ಹೋಗಿ, ಇಡೀ ದಿನ ಇರುವ ಏಳೆಂಟು ಮಕ್ಕಳು ಉಳಿಯುತ್ತಿದ್ದವು. ಒಂದರಿಂದ ನಾಲ್ಕರವರೆಗೆ ಗೇಟು ನನ್ನದು. ಯಾರಾದರೂ ಬಂದರೆ ತೆಗೆಯಬೇಕು, ಹೋದ ಮೇಲೆ ಮೇಲಿನ ಚಿಲಕ ಹಾಕಿ, ಸರಪಳಿಯನ್ನು ಎರಡು ಸುತ್ತು ಸುತ್ತಿ ಕೊಕ್ಕೆಗೆ ಸಿಕ್ಕಿಸಬೇಕು. ಚಾರ್ಟಿನಲ್ಲಿ ನನ್ನ ಹೆಸರು ಕಂಡ ದಿನ ನಾನು ಕುಣಿದಾಡಿದ್ದೆ. ಅವಳು ನನ್ನ ಹೆಸರು ಬರೆದದ್ದು ಅದೊಂದು ಕಡೆ ಮಾತ್ರ.

ಚಾರ್ಟಿನಲ್ಲಿದ್ದ ಇನ್ನೊಂದು ಹೆಸರು ನೀಲವ್ವನದು. ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಸೊಂಟ ಹಿಡಿದುಕೊಂಡ ಮೇಲೆ ನಮ್ಮಲ್ಲಿ ಆಯಾ ಆಗಿದ್ದವಳು. ದೀಪಾಂಜಲಿ ನಗರದ ಒಂದು ವಠಾರದಿಂದ ನಡೆದೇ ಬರುತ್ತಿದ್ದಳು. ಮಕ್ಕಳ ಕುಂಡೆ ತೊಳೆಯುವುದು, ಡಬ್ಬಿ ತೊಳೆಯುವುದು, ನೆಲ ಒರೆಸುವುದು ಅವಳ ಪಾಲು. ಮಕ್ಕಳಿಗೆ ಅವಳ ಮಾತು ಕಲಿತುಬಿಡುವ ಖಯಾಲಿ. ‘ನಾ ಒಲ್ಲೆ’ ಎಂದು ಚಂದ್ರಾ ಲೇಔಟಿನ ಮಕ್ಕಳು ಮನೆಯಲ್ಲಿ ಹೇಳತೊಡಗಿದಾಗ ಒಬ್ಬಿಬ್ಬರು ಪೋಷಕರು ದೂರಿದ್ದರು. ಅಮ್ಮ ಅವಳಿಗೆ ಮಕ್ಕಳ ಮುಂದೆ ಆದಷ್ಟು ಸುಮ್ಮನಿರಲು ಹೇಳಿದ್ದಳು. ನನ್ನ ಮುಂದೆ ಸುಮ್ಮನಿರಬೇಕೆಂದು ಯಾರೂ ಹೇಳಿರಲಿಲ್ಲ. ಒಂದು ಗಂಟೆಗೆ ಬಂದು ಅಡುಗೆಮನೆಯ ಮೆಟ್ಟಿಲಲ್ಲಿ ತಟ್ಟೆ ಇಟ್ಟುಕೊಂಡರೆ, ನನ್ನ ಒಗ್ಗರಣೆಯಿಲ್ಲದ ಸಾರಿಗೆ ತನ್ನ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ಹಾಕುತ್ತಾ, ಸ್ಕೂಲಿನಲ್ಲಿ ಯಾರು ಹೊಡೆದರು, ಯಾರು ಬೈದರು ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅಮ್ಮನ ಹಳೆಯ ಸೀರೆಗಳನ್ನು ಕೇಳಿ ತೆಗೆದುಕೊಂಡು ಹೋಗಿ ನನಗೊಂದು ಕೌದಿ ಹೊಲಿದು ತಂದಿದ್ದಳು. ಅದರಲ್ಲಿ ಅಮ್ಮನ ಹಸಿರು ಸೀರೆಯಿತ್ತು, ನೇರಳೆ ಅಂಚಿತ್ತು, ಸ್ಕೂಲು ಶುರುವಾಗುವ ಮೊದಲು ಅವಳು ಉಡುತ್ತಿದ್ದ ಹೂವಿನ ವಾಯಿಲ್ ಇತ್ತು. ನಾನು ಅದನ್ನು ಹೊದ್ದುಕೊಳ್ಳುತ್ತಿರಲಿಲ್ಲ, ಮುಖಕ್ಕೆ ಒತ್ತಿಕೊಂಡು ಮಲಗುತ್ತಿದ್ದೆ.

ಆ ವರ್ಷ ಚಿನ್ಮಯ್ ಎಂಬ ಮೂರು ವರ್ಷದ ಹುಡುಗ ಸೇರಿದ್ದ. ಉಳಿದವರು ಮೂರು ದಿನಕ್ಕೆ ಅಳು ನಿಲ್ಲಿಸಿದರೆ ಇವನು ಮೂರು ವಾರವಾದರೂ ನಿಲ್ಲಿಸಲಿಲ್ಲ. ಮಧ್ಯಾಹ್ನ ಮಲಗಬೇಕಾದರೆ ಅಮ್ಮನ ಸೆರಗು ಅವನ ಮುಷ್ಟಿಯಲ್ಲಿರಬೇಕು. ಅಮ್ಮ ಅವನ ಪಕ್ಕ ಗೋಡೆಗೆ ಒರಗಿ, ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತಿರುತ್ತಿದ್ದಳು. ನಾನು ಗೇಟಿನ ಪಕ್ಕದ ಕಿಟಕಿಯಿಂದ ನೋಡುತ್ತಿದ್ದೆ. ಆ ಹುಡುಗನನ್ನು ನಾನು ದ್ವೇಷಿಸುತ್ತಿದ್ದೆ. ಒಂಬತ್ತು ವರ್ಷದವಳಿಗೆ ಅಷ್ಟು ದೊಡ್ಡ ಮಾತೇ ಎಂದು ಕೇಳುವವರು ಕೇಳಲಿ, ಅದಕ್ಕಿಂತ ಚಿಕ್ಕ ಮಾತು ನನಗೆ ಸಿಗುತ್ತಿಲ್ಲ.

ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದು ಚೀಲ ಇಡಲು ಮೇಲೆ ಹೋದರೆ ನನ್ನ ಹಾಸಿಗೆಯ ಮೇಲೆ ಕೌದಿ ಇರಲಿಲ್ಲ. ಕೆಳಗೆ ಬಂದೆ. ಚಿನ್ಮಯ್ ಅದರ ಮೇಲೆ ಅಂಗಾತ ಮಲಗಿದ್ದ, ಒಂದು ತುದಿ ಅವನ ಮುಷ್ಟಿಯಲ್ಲಿತ್ತು. ಹಸಿರು ಸೀರೆಯ ತುಂಡಿನ ಮೇಲೆ ದೊಡ್ಡ ಒದ್ದೆ ಕಲೆ. ಅಮ್ಮ ಪಕ್ಕದಲ್ಲಿಲ್ಲ, ಆಚೆ ಕೂತು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದಳು. ನನ್ನನ್ನು ನೋಡಿ ನಕ್ಕಳು ಕೂಡ. ಅದರಲ್ಲಿ ತನ್ನ ವಾಸನೆ ಇರಬೇಕು, ಕೊಟ್ಟ ತಕ್ಷಣ ಮಲಗಿಬಿಟ್ಟ ಎಂದು ಪಿಸುಗುಟ್ಟಿದಳು. ಆ ವಾಸನೆ ಯಾರದು, ಯಾರಿಗೆ ಸೇರಬೇಕಾದದ್ದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ನೀಲವ್ವ ಅವನನ್ನು ಎತ್ತಿ ಚಡ್ಡಿ ಬದಲಿಸಿ ಬೇರೆ ಚಾಪೆಯಲ್ಲಿ ಮಲಗಿಸಿ, ಕೌದಿಯನ್ನು ಒಗೆಯಲು ತೆಗೆದುಕೊಂಡು ಹೋದಳು. ಎರಡು ಗಂಟೆಗೆ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದೊಯ್ಯಲು ಬಂದರು. ಗೇಟು ತೆಗೆದೆ. ಅವರು ಹೋದರು. ನಾನು ಗೇಟನ್ನು ಎಳೆದುಕೊಂಡೆ, ಚಿಲಕಕ್ಕೆ ಕೈ ಹಾಕಲಿಲ್ಲ, ಸರಪಳಿಯನ್ನು ಮುಟ್ಟಲಿಲ್ಲ, ನೇರ ಮೇಲೆ ಹೋಗಿ ಬರಿಯ ಹಾಸಿಗೆಯಲ್ಲಿ ಕವುಚಿ ಮಲಗಿದೆ. ಮರೆತೆ ಎಂದರೆ ಸುಳ್ಳು. ಬೇಕೆಂದೇ ಬಿಟ್ಟೆ ಎಂದರೂ ಪೂರ್ತಿ ನಿಜವಲ್ಲ. ಅವಳ ಸ್ಕೂಲಿನ ಗೇಟು ಅವಳೇ ಹಾಕಿಕೊಳ್ಳಲಿ ಅನ್ನಿಸಿತ್ತು, ಅಷ್ಟೇ ನನಗೆ ನೆನಪಿರುವುದು.

ಕೆಳಗೆ ಗಲಾಟೆ ಕೇಳಿ ಇಳಿದಾಗ ಚಿನ್ಮಯ್ ಚಾಪೆಯಲ್ಲಿರಲಿಲ್ಲ. ಅಮ್ಮ ಬಚ್ಚಲಲ್ಲಿ, ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಮುಚ್ಚಳದ ಹತ್ತಿರ ಹುಡುಕಿ, ತೆರೆದ ಗೇಟಿನ ಮುಂದೆ ಬಂದು ನಿಂತಳು. ನೀಲವ್ವ ಬರಿಗಾಲಲ್ಲಿ ಪಾರ್ಕಿನ ಕಡೆ ಓಡಿದಳು. ನಾನು ಮೆಟ್ಟಿಲಲ್ಲಿ ಕೂತು, ಅವನು ಸಿಗಲಿ, ಇನ್ನು ಮೇಲೆ ಕೌದಿ ಅವನೇ ಇಟ್ಟುಕೊಳ್ಳಲಿ ಎಂದು ಮೇಲಿನ ದೇವರಿಗೆಲ್ಲ ಹೇಳಿಕೊಂಡೆ. ಅರ್ಧ ಗಂಟೆ ಕಳೆದಿರಬೇಕು. ಚಿನ್ಮಯ್ ಅವನ ಅಜ್ಜಿಯ ಸೊಂಟದ ಮೇಲೆ ಕೂತು ಬಂದ. ಆ ದಿನ ಬೇಗ ಕರೆದೊಯ್ಯೋಣವೆಂದು ಅಜ್ಜಿ ಹೊರಟಿದ್ದರಂತೆ. ಮುಖ್ಯರಸ್ತೆಯ ದರ್ಶಿನಿಯ ಮುಂದೆ ಬರುವಾಗ ಬಿಲ್ ಹಾಕುವವನ ಮೇಜಿನ ಮೇಲೆ ತಮ್ಮ ಮೊಮ್ಮಗ ಕಾಲು ಇಳಿಬಿಟ್ಟು ಕೂತು ಕೇಸರಿಬಾತು ತಿನ್ನುತ್ತಿದ್ದ. ಬಸ್ಸು, ಲಾರಿ ಓಡಾಡುವ ಆ ರಸ್ತೆಯನ್ನು ಅವನು ಹೇಗೆ ದಾಟಿದನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನ ಕೆನ್ನೆಗೆ ಕೇಸರಿ ಮೆತ್ತಿತ್ತು, ಬಹಳ ಖುಷಿಯಾಗಿದ್ದ.

ಅಜ್ಜಿ ಗೇಟಿನಲ್ಲೇ ನಿಂತು ಮೊಬೈಲಿನಲ್ಲಿ ಎಲ್ಲರಿಗೂ ಫೋನ್ ಮಾಡಿದರು. ಮೂರೂವರೆಯೊಳಗೆ ಹತ್ತು ಹನ್ನೆರಡು ಮಂದಿ ತಾಯಂದಿರು, ಇಬ್ಬರು ತಂದೆಯರು ಹಾಲಿನಲ್ಲಿ ಸೇರಿದ್ದರು. ಅವರು ಬರುವ ಮುಂಚಿನ ಹತ್ತು ನಿಮಿಷ ಅಮ್ಮ ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಹೊರಗೆ ಬಂದಾಗ ಕಣ್ಣು ಒಣಗಿತ್ತು, ಸೆರಗು ಪಿನ್ ಮಾಡಿಕೊಂಡಿದ್ದಳು. ಬಂದವರನ್ನೆಲ್ಲ ಮಕ್ಕಳ ಕೆಂಪು ಕುರ್ಚಿಗಳಲ್ಲಿ ಕೂರಿಸಿದಳು. ಜಗಳಕ್ಕೆ ಬಂದವರು ಮಂಡಿಯನ್ನು ಎದೆಗೆ ತಂದುಕೊಂಡು ಕೂತರೆ ಎಷ್ಟು ಜೋರು ಮಾಡಬಲ್ಲರು? ಅವಳೊಬ್ಬಳು ನಿಂತಿದ್ದಳು. ಅವಳ ಹಿಂದಿನ ಗೋಡೆಗೆ ಚಾರ್ಟ್ ಬಂದಿತ್ತು. ಓಣಿಯ ಕತ್ತಲಿನಲ್ಲಿರುತ್ತಿದ್ದ ಚಾರ್ಟ್ ಹಾಲಿಗೆ ಯಾಕೆ ಬಂತು ಎಂದು ನೋಡಿದೆ. ಅದು ಬೇರೆ ಚಾರ್ಟು. ಅದೇ ಹಳದಿ ಹಾಳೆ, ಅದೇ ಮುದ್ದಾದ ಅಕ್ಷರ, ಆದರೆ ಮೂಲೆಗಳು ಮುದುಡಿರಲಿಲ್ಲ, ಸ್ಕೆಚ್ ಪೆನ್ನಿನ ವಾಸನೆ ಇನ್ನೂ ಹೋಗಿರಲಿಲ್ಲ. ಗೇಟಿನ ಸಾಲಿನ ಬಲಗಡೆ ನನ್ನ ಹೆಸರಿದ್ದ ಜಾಗದಲ್ಲಿ ನೀಲವ್ವನ ಹೆಸರಿತ್ತು.

ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಒಬ್ಬರು ಹೊಣೆ, ನಾನು ಏನನ್ನೂ ಮುಚ್ಚಿಡುವುದಿಲ್ಲ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಅಮ್ಮ ಶಾಂತವಾಗಿ ಹೇಳಿದಳು. ಅವಳ ಲೆಕ್ಕಾಚಾರ ನನಗೆ ಈಗ ಅರ್ಥವಾಗುತ್ತದೆ. ಒಂಬತ್ತು ವರ್ಷದ ಹುಡುಗಿಯ ಕೈಗೆ ಗೇಟು ಕೊಟ್ಟಿದ್ದೆ ಎಂದು ಆ ಹಾಲಿನಲ್ಲಿ ಬಾಯಿಬಿಟ್ಟಿದ್ದರೆ ಮರುದಿನ ಒಂದು ಮಗುವೂ ಬರುತ್ತಿರಲಿಲ್ಲ. ಅರ್ಥವಾದದ್ದನ್ನೆಲ್ಲ ಕ್ಷಮಿಸಬೇಕೆಂದಿಲ್ಲ. ಅವಳು ನೀಲವ್ವನನ್ನು ಕರೆದಳು. ಪಾರ್ಕಿನ ತನಕ ಓಡಿ ಬಂದ ನೀಲವ್ವನ ಪಾದದಲ್ಲಿ ಇನ್ನೂ ಧೂಳಿತ್ತು. ನಾಳೆಯಿಂದ ಬರುವುದು ಬೇಡ ಎಂದು ಅಮ್ಮ ಎಲ್ಲರ ಮುಂದೆ ಹೇಳಿ ಚಾರ್ಟಿನ ಕಡೆ ಕೈ ತೋರಿಸಿದಳು. ನೀಲವ್ವ ಅದನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಇಂಗ್ಲಿಷಿರಲಿ, ಕನ್ನಡ ಓದಲೂ ಬರುತ್ತಿರಲಿಲ್ಲ. ಆಮೇಲೆ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದಳು. ಗೇಟು ಯಾರದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಅದರಾಗ ನನ್ನ ಹೆಸರೈತೇನ್ರಿ, ಅಕ್ಕಾರ?”

“ಇದೆ.”

“ಹಂಗಾರ ತಪ್ಪು ನಂದ ಇರಬೇಕ್ರಿ.”

ನಾನು ಮೆಟ್ಟಿಲಿಳಿದು ಬಂದೆ. ನನ್ನ ಜೀವನದಲ್ಲಿ ಅಷ್ಟು ಧೈರ್ಯ ಆಮೇಲೆ ಎಂದೂ ನನಗೆ ಬಂದಿಲ್ಲ. ಕೆಂಪು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅಮ್ಮನ ಸೆರಗು ಹಿಡಿದೆ.

“ಅಮ್ಮಾ, ಗೇಟು...”

“ಮಿಸ್ ಅನ್ನು. ಇನ್ನೂ ನಾಲ್ಕಾಗಿಲ್ಲ.”

ಅವಳು ಗಡಿಯಾರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೆರಗನ್ನು ನನ್ನ ಬೆರಳುಗಳಿಂದ ನಿಧಾನವಾಗಿ ಬಿಡಿಸಿಕೊಂಡಳು. ಹಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕರು. ಚಿನ್ಮಯನ ಅಜ್ಜಿ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ನೋಡಿ, ಸ್ವಂತ ಮಗಳಿಗೂ ಅದೇ ರೂಲ್ಸು. ಡಿಸಿಪ್ಲಿನ್ ಅಂದ್ರೆ ಹಿಂಗಿರ್ಬೇಕು.”

ಆ ಮಾತಿನಿಂದ ಇಡೀ ಸಭೆಯ ಸಿಟ್ಟು ಇಳಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆಯಿದೆ. ಬರೆ ಬಿದ್ದ ಎಮ್ಮೆ ಹಿಂದಿನ ಬಾಗಿಲಿಗೆ ಹೋಯಿತು. ಎತ್ತು ಮಾತ್ರ ಅಲ್ಲಿಯೇ ನಿಂತಿತ್ತು, ಮೆಚ್ಚಿಗೆ ಗಳಿಸಿಕೊಂಡು. ಮರುದಿನ ಒಂದು ಮಗುವೂ ತಪ್ಪಿಸಲಿಲ್ಲ. ಹಳೆಯ ಚಾರ್ಟನ್ನೂ ಅಮ್ಮ ಬಿಸಾಡಲಿಲ್ಲ, ಅವಳು ಯಾವ ಕಾಗದವನ್ನೂ ಬಿಸಾಡುವವಳಲ್ಲ. ಮುಂದಿನ ವಾರ ಮಕ್ಕಳು ಅದರ ಹಿಂಬದಿಯಲ್ಲಿ ಬೆಂಡೆಕಾಯಿಯನ್ನು ಬಣ್ಣಕ್ಕೆ ಅದ್ದಿ ಹೂವಿನ ಅಚ್ಚು ಒತ್ತಿದರು. ಕಿಟಕಿಗೆ ಹಿಡಿದರೆ ಹೂವುಗಳ ನಡುವೆ ನನ್ನ ಹೆಸರು ತಿರುಗುಮುರುಗಾಗಿ ಕಾಣುತ್ತಿತ್ತು. ಹಿಡಿದು ನೋಡಿದವಳು ನಾನೊಬ್ಬಳೇ.

ನೀಲವ್ವ ಹೋಗುವಾಗ ನಾನು ಹಿಂದಿನ ಬಾಗಿಲಲ್ಲಿದ್ದೆ. ಅವಳು ಚಟ್ನಿಪುಡಿಯ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನನ್ನ ತಲೆಯ ಮೇಲೆ ಕೈ ಇಟ್ಟಳು. ಗೇಟಿನ ಮಾತು ತೆಗೆಯಲಿಲ್ಲ.

“ಕೌದಿ ಮ್ಯಾಲ ಒಣಗಾಕ ಹಾಕೀನಿ, ತಂಗಿ. ಪೂರ್ತಿ ಒಣಗಿದ ಮ್ಯಾಲ ಮಡಚಿಡು. ಹಸಿ ಇದ್ದಾಗ ಮಡಚಿದ್ರ ವಾಸನಿ ಹಿಡೀತೈತಿ.”

ನಾನು ತಪ್ಪಾಯಿತು ಎನ್ನಲಿಲ್ಲ. ಅಮ್ಮನ ಮೇಲೆ ಹೊರಿಸಬೇಕಾದದ್ದನ್ನೆಲ್ಲ ಹೊರಿಸಿದ ಮೇಲೂ ನನ್ನ ಪಾಲಿಗೆ ಉಳಿಯುವುದು ಇದು. ಆಗ ಗಂಟೆ ನಾಲ್ಕಾಗಿತ್ತು, ಸುತ್ತ ಯಾರೂ ಇರಲಿಲ್ಲ, ತಡೆಯುವ ಕಾನೂನೂ ಇರಲಿಲ್ಲ. ನಾನು ತಲೆಯಾಡಿಸಿದೆ, ಅವಳು ತಿರುವಿನಲ್ಲಿ ಮರೆಯಾದಳು. ಆಮೇಲೆ ಎಷ್ಟೋ ವರ್ಷ, ಮೈಸೂರು ರಸ್ತೆಯಲ್ಲಿ ಬಸ್ಸು ದೀಪಾಂಜಲಿ ನಗರ ದಾಟುವಾಗಲೆಲ್ಲ ನಾನು ಕಿಟಕಿಯ ಕಡೆ ನೋಡದೆ ಕೂರುತ್ತಿದ್ದೆ.

ಆ ಸಂಜೆ ಅಮ್ಮ ಒಲೆ ಹಚ್ಚಿ, ಸಾಸಿವೆ ಸಿಡಿಸಿ, ನನಗಿಷ್ಟವೆಂದು ಹೆಚ್ಚಿಗೆ ಒಣಮೆಣಸಿನಕಾಯಿ ಮುರಿದು ಹಾಕಿ ಅವಲಕ್ಕಿ ಒಗ್ಗರಣೆ ಮಾಡಿದಳು. ಮನೆಯ ತುಂಬ ಘಾಟು ಏರಿತು. ನಾನು ಅಡುಗೆಮನೆಯ ಮೆಟ್ಟಿಲಲ್ಲಿ, ನೀಲವ್ವ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದೆ. ಅಮ್ಮ ತಟ್ಟೆ ತಂದಳು. ತಂದವಳು ಕೊಟ್ಟು ಹೋಗಲಿಲ್ಲ. ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅವಳ ಕಣ್ಣು ನನ್ನ ಕಣ್ಣಿಗೆ ಸಮನಾಗಿ ಬಂತು. ಅದನ್ನು ನಾನು ಎಷ್ಟು ವರ್ಷದಿಂದ ಕಿಟಕಿಯಲ್ಲಿ ನಿಂತು ಬೇಡಿಕೊಂಡಿದ್ದೆನೋ ಅವಳಿಗೆ ಗೊತ್ತಿಲ್ಲ. ಹತ್ತಿರದಿಂದ ನೋಡಿದರೆ ಅವಳ ರೆಪ್ಪೆಗಳು ಊದಿದ್ದವು. ನನ್ನನ್ನು ಕ್ಷಮಿಸಲು ತಯಾರಾಗಿಯೇ ಬಂದಿದ್ದಳು. ನಾನು ಒಪ್ಪಿಕೊಂಡರೆ ತಪ್ಪು ಒಂದೇ ಆಗುತ್ತಿತ್ತು, ನನ್ನದು. ಚಾರ್ಟಿನ ಮಾತು ಬರುತ್ತಿರಲಿಲ್ಲ.

“ಆವಾಗ ಏನೋ ಹೇಳಕ್ ಬಂದೆ ಅಲ್ವಾ ಪುಟ್ಟಿ? ಈಗ ಹೇಳು, ಯಾರೂ ಇಲ್ಲ.”

ಅವಳು ಕಾಯುತ್ತಾ ಕುಳಿತಳು, ಮಗು ಹೇಳಿ ಮುಗಿಸುವವರೆಗೆ ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ನನಗೆ ಘಾಟಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡೆ.

“ಏನಿಲ್ಲ, ಮಿಸ್.”

ಗಡಿಯಾರದಲ್ಲಿ ಐದೂವರೆಯಾಗಿತ್ತು. ಅವಳು ನನ್ನನ್ನು ತಿದ್ದಲಿಲ್ಲ.